ಮತ್ತೆ ಹೇಳಿ ಅಕ್ಕ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಆಚೆಯ ಅಕ್ಕನಿಗೆ,

ಈಚೆಯ ಅವಸರದ ತಂಗಿಯ ನಮಸ್ಕಾರಗಳು. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡಿ. ನಮ್ಮ ಎರಡು ಕಂಟ್ರೋಲ್ ರೂಮುಗಳ ನಡುವಿನ ಆ ಫೋನಿನಲ್ಲಿ ಕೆಮ್ಮಿದರೂ ರೆಕಾರ್ಡ್ ಆಗುತ್ತದೆ. ಸ್ವಂತ ನಂಬರು ಕೊಟ್ಟುಕೊಳ್ಳುವುದಕ್ಕೆ ಎರಡೂ ದೇಶಗಳ ನಿಯಮ ಒಪ್ಪುವುದಿಲ್ಲ. ಅದಕ್ಕೇ ಟ್ರಾನ್ಸ್‌ಫಾರ್ಮರ್ ಎಣ್ಣೆ ಸಾಗಿಸುವ ಲಾರಿ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಿಮ್ಮ ಮುಖ ನಾನು ನೋಡಿಲ್ಲ. ಆದರೆ ನಿಮ್ಮ ತಲೆಯ ಮೇಲಿನ ಫ್ಯಾನು ಕಿರುಗುಟ್ಟುವುದು ಗೊತ್ತು, ಸಿಟ್ಟು ಬಂದಾಗ ಬಳೆ ಹಿಂದಕ್ಕೆ ಸರಿಸುವುದು ಗೊತ್ತು. ನಮ್ಮ ಊರಿನ ಅರ್ಧ ಕರೆಂಟು ಗಡಿಯಾಚೆಯಿಂದ, ನಿಮ್ಮ ಕೈಯಿಂದ ಬರುತ್ತದೆ. ಅದನ್ನು ನಿಲ್ಲಿಸಬೇಕಾದರೆ ನೀವು ಆದೇಶ ಓದಬೇಕು, ನಾನು ಅಕ್ಷರ ಬಿಡದೆ ಅದನ್ನೇ ತಿರುಗಿ ಹೇಳಬೇಕು, ಆಮೇಲೆ ತಾನೇ ನೀವು ಸ್ವಿಚ್ಚಿಗೆ ಕೈ ಹಾಕುವುದು. ಈಚೆ ಆ ಕರೆಂಟನ್ನೇ ನಂಬಿ ಏನೋ ಕೆಲಸ ನಡೆದಿರಬಹುದು, ಹೇಳದೆ ಕೇಳದೆ ಆರಿಸಿದರೆ ಅನಾಹುತ ಎಂದು ಈ ಪದ್ಧತಿ. ನಾನೋ ನೀವು ವಾಕ್ಯ ಮುಗಿಸುವ ಮೊದಲೇ ತಿರುಗಿ ಹೇಳಿ ಮುಗಿಸುವವಳು. ಸ್ವಲ್ಪ ಉಸಿರಾಡೇ ಅವಸರದ ತಂಗಿ ಎಂದು ನೀವು ಒಮ್ಮೆ ರೆಕಾರ್ಡಿಂಗನ್ನೂ ಮರೆತು ಗದರಿದ್ದು ನೆನಪಿದೆಯೇ? ಅಂದಿನಿಂದ ನನಗೆ ಅದೇ ಹೆಸರು.

ಆ ಗುರುವಾರ ಸಂಜೆಯ ಮಾತಿಗೆ ಬರುತ್ತೇನೆ. ಬಿಸಿಲಿಗೆ ನಿಮ್ಮಲ್ಲೂ ಕರೆಂಟು ಸಾಲದೆ ನಮ್ಮ ಲೈನು ನಿಲ್ಲಿಸಲು ಆದೇಶ ಬಂದಿತ್ತು. ನೀವು ಓದಿದಿರಿ. ನಾನು, ಸರಿಯಾಗಿ ಕೇಳಿಸ್ತಿಲ್ಲ, ಮತ್ತೆ ಹೇಳಿ ಅಕ್ಕ, ಅಂದೆ. ನೀವು ಮತ್ತೆ ಓದಿದಿರಿ. ನಾನು ಮತ್ತೆ ಅದೇ ರಾಗ ತೆಗೆದೆ. ಕೊನೆಗೆ ಫೋನು ಕೆಟ್ಟಿದೆ, ಬೇರೆಯದರಿಂದ ಮಾಡ್ತೀನಿ ಎಂದು ಇಟ್ಟುಬಿಟ್ಟೆ.

ಅಕ್ಕ, ಫೋನು ಕೆಟ್ಟಿರಲಿಲ್ಲ. ನಿಮ್ಮ ಫ್ಯಾನು ಕಿರುಗುಟ್ಟುವುದು ಕೂಡ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆ ಹೊತ್ತಿನಲ್ಲಿ ನಮ್ಮ ಮನೆಯವರು ಆಸ್ಪತ್ರೆಯಲ್ಲಿ ಆಪರೇಷನ್ ಮೇಜಿನ ಮೇಲಿದ್ದರು. ಅವರು ಬಸ್ ಕಂಡಕ್ಟರ್. ತುಂಬಿದ ಬಸ್ಸನ್ನು ಒಂದೇ ಕೂಗಿಗೆ ಹಿಂದೆ ಸರಿಸುವ ಗಂಡಸು ಸೂಜಿ ಕಂಡರೆ ಮಗುವಾಗುತ್ತಾರೆ. ಹೊಟ್ಟೆನೋವನ್ನು ಗ್ಯಾಸು ಗ್ಯಾಸು ಎಂದು ಮುಚ್ಚಿಟ್ಟು, ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ತಂದುಕೊಂಡಿದ್ದರು. ಅಪ್ಪನ್ನ ಒಳಗೆ ಕರ್ಕೊಂಡು ಹೋದ್ರು ಅಮ್ಮ, ನೀನು ಬಾ ಅಂತ ಮಗಳು ಫೋನಿನಲ್ಲಿ ಅತ್ತಳು. ಮುಂದಿನ ಪಾಳಿಗೆ ನನ್ನನ್ನು ಬಿಡಿಸಬೇಕಾದವನು ಇನ್ನೂ ಬಂದಿರಲಿಲ್ಲ, ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಜನರೇಟರ್ ರಿಪೇರಿಗೆ ಬಿಚ್ಚಿ ಹಾಕಿದೆ, ಇವತ್ತೊಂದಿನ ಕರೆಂಟು ತೆಗೀಬೇಡಿ ಅಂತ ಆಸ್ಪತ್ರೆಯವರು ಬೆಳಿಗ್ಗೆಯೇ ನಮಗೆ ತಿಳಿಸಿದ್ದರು. ಹೊಟ್ಟೆ ಕೊಯ್ದಿಟ್ಟ ಮನುಷ್ಯನ ತಲೆಯ ಮೇಲಿನ ದೀಪ ಆರಿಸಿ ಎಂದು ಹೆಂಡತಿಯ ಬಾಯಿಂದಲೇ ಬರಬೇಕಿತ್ತು. ಬಾಯಿ ಬರಲಿಲ್ಲ.

ಕಾರಣ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಳಿದ್ದರೆ ರೆಕಾರ್ಡಿಂಗ್ ಎದುರಿಗೆ ನೀವು ಆಗಲ್ಲ ಅನ್ನಲೇಬೇಕಾಗುತ್ತಿತ್ತು. ನಿಮ್ಮ ದನಿಯಲ್ಲಿ ಆ ಮಾತು ಕೇಳುವ ಧೈರ್ಯ ನನಗಿರಲಿಲ್ಲ.

ಹೊಲಿಗೆ ಹಾಕಿ ಮುಗೀತು, ಹೊರಗೆ ತಂದ್ರು ಎಂದು ಮಗಳ ಫೋನು ಬಂದ ಮೇಲೆಯೇ ನಾನು ಬೇರೆ ಫೋನು ಎತ್ತಿದ್ದು. ಆಗ ನೀವು ಓದಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ, ಅರ್ಧ ಊರು ಕತ್ತಲಾಯಿತು. ಈಗ ಮನೆಯವರು ಚೆನ್ನಾಗಿದ್ದಾರೆ, ಹಾಸಿಗೆಯಿಂದಲೇ ಕೂಗಿ ನಮ್ಮನ್ನೆಲ್ಲ ಹಿಂದೆ ಸರಿಸುತ್ತಿದ್ದಾರೆ.

ನೀವು ಮಾತ್ರ ಚೆನ್ನಾಗಿಲ್ಲ ಎಂದು ತಿಳಿಯಿತು. ತಡ ಯಾಕಾಯಿತು, ಆ ಕಡೆಯವಳ ಜೊತೆ ನಿನಗೇನು ಸಲುಗೆ ಎಂದು ನಿಮ್ಮನ್ನು ವಿಚಾರಣೆಗೆ ಕೂರಿಸಿ ಕೆಲಸದ ಮೇಲೇ ಕತ್ತಿ ತೂಗಿಸಿದ್ದಾರಂತೆ. ಫೋನು ಕೆಟ್ಟಿತ್ತು ಅಂದ್ಬಿಡಮ್ಮ, ಇಲ್ಲಿಗೆ ಮುಗೀತು ಎಂದು ನಮ್ಮ ಸಾಹೇಬರು ನನಗೆ ಬುದ್ಧಿ ಹೇಳಿದರು. ಎಲ್ಲಿ ಮುಗಿಯುತ್ತದೆ? ಫೋನು ಚೆನ್ನಾಗಿತ್ತು ಎಂದು ರೆಕಾರ್ಡಿಂಗೇ ಹೇಳುತ್ತದೆ, ಆಗ ಇಬ್ಬರೂ ಸೇರಿ ನಾಟಕವಾಡಿದೆವು ಅನ್ನುತ್ತಾರೆ. ಆದ್ದರಿಂದ ಇವತ್ತು ಬೆಳಿಗ್ಗೆ ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟೆ. ಮೊದಲ ಸಲವೇ ನನಗೆ ಕೇಳಿಸಿತ್ತು, ಆಚೆಯವರ ತಪ್ಪು ಏನೂ ಇಲ್ಲ ಎಂದು. ಅದರ ಪ್ರತಿ ನಿಮ್ಮ ಮೇಲಿನವರಿಗೂ ಹೋಗುತ್ತದೆ. ನನ್ನನ್ನು ಉಳಿಸಲು ಹೋಗಿ ನೀವು ಬೇರೇನೂ ಹೇಳಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ನನ್ನನ್ನು ದೂರು ವಿಭಾಗಕ್ಕೆ ಹಾಕುತ್ತಾರಂತೆ. ಕರೆಂಟು ಯಾವಾಗ ಬರುತ್ತೆ ಎಂದು ಊರೆಲ್ಲ ಬೈಯುವ ಫೋನು ಅದು. ಅಲ್ಲಿ ಕಿವಿ ಕೇಳಿಸದಿದ್ದರೇ ವಾಸಿ.

ಒಂದೇ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಆ ಸಂಜೆ ಪ್ರತಿ ಸಲವೂ ನೀವು ಇನ್ನಷ್ಟು ನಿಧಾನವಾಗಿ ಓದಿದಿರಿ, ಬಳೆಯ ಸದ್ದು ಬರಲೇ ಇಲ್ಲ. ನಿಮಗೆ ಅರ್ಥವಾಗಿತ್ತೇ, ಇಲ್ಲ ನಾನು ನಿಮಗೆ ಮೋಸವನ್ನೇ ಮಾಡಿದೆನೇ? ಇನ್ನು ಆ ಫೋನಿನಲ್ಲಿ ಕೇಳಲು ನನಗೆ ಸಿಗುವುದಿಲ್ಲ. ಅದೇ ಸಂಕಟ.

ಇಂತಿ,
ನಿಮ್ಮ ಅವಸರದ ತಂಗಿ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಡ್ರೈವರ್ ಬಂದ. ಆ ಸಂಜೆ ಎಣ್ಣೆ ಪೀಪಾಯಿ ತುಂಬಿಸಿಕೊಳ್ಳಲು ಬಂದವನು ನಿಮ್ಮ ರೂಮಿನ ಬಾಗಿಲಲ್ಲೇ ರಸೀದಿಗೆ ಕಾಯುತ್ತಿದ್ದನಂತೆ. ನಮ್ಮ ಲೈನು ನಿಲ್ಲುವವರೆಗೆ ಕೊರತೆ ತುಂಬಲು ನಿಮ್ಮೂರಿನಲ್ಲೇ ಕೆಲವು ಬೀದಿಗಳ ಕರೆಂಟು ತೆಗೆಯಬೇಕಾಯಿತಂತೆ. ಮೊದಲು ಯಾವುದು ಎಂದು ಸಹಾಯಕ ಕೇಳಿದರೆ ನೀವು, ನಮ್ಮ ಬೀದಿದೇ ತೆಗಿ, ಬೈಸಿಕೊಳ್ಳೋದಾದ್ರೆ ನಮ್ಮತ್ತೆ ಹತ್ರಾನೇ ಬೈಸಿಕೊಳ್ತೀನಿ, ಅಂದಿರಂತೆ. ಫೋನು ಕೈಯಿಂದ ಮುಚ್ಚಿಕೊಂಡು ಇನ್ನೂ ಒಂದು ಮಾತು ಹೇಳಿದಿರಂತೆ: ಆ ಅವಸರದವಳು ಮತ್ತೆ ಹೇಳಿ ಅಂತಿದಾಳೆ ಅಂದ್ರೆ ಅಲ್ಲಿ ಏನೋ ಆಗಿದೆ.

ಅಂದರೆ ಅಕ್ಕ, ನಿಮಗೂ ಮೊದಲ ಸಲವೇ ಕೇಳಿಸಿತ್ತು.