ಬೆಳ್ಳಿಹಾಳೆಯೊಳಗಿನ ಮೌನ

ಕಾರಾ-ಬುಲಾಕ್ ಹುಲ್ಲುಗಾವಲು
ಜುಲೈ ೧೪, ಶುಕ್ರವಾರ

ಪ್ರೀತಿಯ ಬುರುಲ್ಚಾ,

ದೇವರ ಮುಂದೆ, ಕಾನೂನಿನ ಮುಂದೆ, ಇವೆರಡಕ್ಕಿಂತ ಭಯಂಕರಳಾದ ನಿನ್ನ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ನೀನು ಕೋಳಿಗೂಡಿಗೆಂದು ತೆಗೆದಿಟ್ಟಿದ್ದ ಅಲ್ಯೂಮಿನಿಯಂ ಬೆಳ್ಳಿಹಾಳೆಯ ಸುರುಳಿಯನ್ನು ಕದ್ದವನು ನಾನೇ. ಶಿಕ್ಷೆ ವಿಧಿಸುವ ಮುನ್ನ ಹೇಳು, ನಿನ್ನ ತಲೆನೋವು ಹೇಗಿದೆ? ಬಿಷ್ಕೆಕ್‌ನ ಸೆಕೆಯಲ್ಲಿ ಆಸ್ಪತ್ರೆಯ ತರಬೇತಿ ನಡೆಯುತ್ತಿದೆಯೇ, ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೇ? ಇಲ್ಲಿ ನನ್ನಮ್ಮ, ನಮ್ಮ ಅಪಾ, ಗಟ್ಟಿಮುಟ್ಟಾಗಿದ್ದಾಳೆ. ಅವಳ ಮಂಡಿಗಿಂತ ಅವಳ ನಾಲಿಗೆ ಹೆಚ್ಚು ಗಟ್ಟಿ.

ಕಳ್ಳತನಕ್ಕೆ ಚಳಿಗೆ ನೋಯುವ ಆ ಮಂಡಿಯೇ ಕಾರಣ. ಗುಡಾರದ ಉಣ್ಣೆಹೊದಿಕೆಯ ಒಳಗೆ ಸುತ್ತಲೂ, ಬಾಗಿಲಿನ ಪರದೆಗೂ ಬಿಡದೆ, ಬೆಳ್ಳಿಹಾಳೆ ಹೊದಿಸಿದೆ. ಒಲೆಯ ಕಾವು ಒಳಗೇ ಸುತ್ತಿ ಸುತ್ತಿ ಅಮ್ಮನ ಮಂಡಿ ಸೇರಿತು. ಅವಳು ಮೆಚ್ಚಿ ನಾಲ್ಕನೇ ಬಟ್ಟಲು ಚಹಾ ಕೊಟ್ಟಾಗ ನನ್ನೊಳಗಿನ ಮೇಷ್ಟ್ರು ಎದ್ದು ಕುಳಿತ. ಬೆಳಕು, ಒಲೆಯ ಕಾವು, ರೇಡಿಯೋ ಹಾಡು, ಸೊಸೆಯ ಫೋನು ಎಲ್ಲ ಒಂದೇ ಮನೆತನದ ಅಲೆಗಳು, ಉದ್ದದಲ್ಲಷ್ಟೇ ವ್ಯತ್ಯಾಸ ಎಂದೆ. ಅಪಾ ಬಿಡುತ್ತಾಳೆಯೇ? "ಇಸಿಕ್-ಕುಲ್ ಸರೋವರದ ಅಲೆಗೆ ನೀರಿದೆ ಬಾಲಮ್, ಮಗನೇ, ಸೂರ್ಯನಿಂದ ಇಲ್ಲೀವರೆಗೆ ಏನಿದೆ?" ಏನೂ ಬೇಡ ಅಪಾ, ವಿದ್ಯುತ್ತಿನ ಬಲ ಏರಿಳಿದರೆ ಕಾಂತಬಲ ಏಳುತ್ತದೆ, ಅದು ಏರಿಳಿದರೆ ಮತ್ತೆ ವಿದ್ಯುತ್ತು, ಹೀಗೆ ಬರಿಗಾಲಿನಲ್ಲೇ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತವೆ ಎಂದು ವಿವರಿಸಿದೆ. "ಗಂಡ ಹೆಂಡ್ತಿ ಜಗಳ ಅನ್ನು. ಒಬ್ರನ್ನೊಬ್ರು ಕೆಣಕ್ಕೊಂಡೇ ದೂರ ಹೋಗೋದು" ಎಂದಳು. ಒಂಬತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಇಷ್ಟು ಚೆನ್ನಾಗಿ ನನಗೆ ಬಂದಿರಲಿಲ್ಲ.

ಅವಳು ಯಾರ ಜಗಳವನ್ನು ಹೇಳಿದಳೆಂದು ನಿನಗೆ ಗೊತ್ತು. ಆಸ್ಪತ್ರೆಯವರು ಮೂರು ವರ್ಷದ ಕೆಲಸ ಕೊಟ್ಟರೆ ಒಪ್ಪಲೇ ಎಂದು ನೀನು ಕೇಳಿದ್ದೆ. ನಾನು "ನಿನ್ನಿಷ್ಟ" ಎಂದು ಮುಖ ತಿರುಗಿಸಿದ್ದೆ. ಈ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಕರೆ ಮಾಡುತ್ತೇನೆ ಎಂದಿದ್ದೆಯಲ್ಲ, ಕಾದೆ. ನಮ್ಮ ಮುದಿ ಫೋನು ಚಾರ್ಜರ್ ಬಿಚ್ಚಿದರೆ ಐದು ನಿಮಿಷವೂ ಬದುಕುವುದಿಲ್ಲ, ಹಾಗಾಗಿ ಹಾಸಿಗೆಗಳ ರಾಶಿಯ ಮೇಲೆ ಕಟ್ಟಿಹಾಕಿಯೇ ಕಾದೆ. ಹನ್ನೊಂದು ದಿನ ಸದ್ದಿಲ್ಲ. ನೀನು ಮುನಿಸಿಕೊಂಡೆ ಎಂದುಕೊಂಡು ನಾನೂ ಬಿಗುಮಾನದಿಂದ ಬೀಗಿದೆ. ಅಪಾ ಯಾರ ಕಣ್ಣೋ ಬಿತ್ತೆಂದು ಆರ್ಚಾ ಸೊಪ್ಪಿನ ಹೊಗೆ ಹಾಕಿದಳು. ಫೋನು ಕೆಮ್ಮಲೂ ಇಲ್ಲ.

ನಿನ್ನೆ, ಎಲೆ ಹೆಂಡತಿ, ನಿನ್ನ ಗಂಡನ ವಿದ್ಯೆ ಕೊನೆಗೂ ಫಲ ಕೊಟ್ಟಿತು! ಹೊರಗೆ ಹಾಡುವ ರೇಡಿಯೋ ಹೊಸ್ತಿಲು ದಾಟಿದೊಡನೆ ಮೂಕವಾಗುತ್ತಿತ್ತು. ಉಣ್ಣೆ ಅಲೆಯನ್ನು ಸುಮ್ಮನೆ ಒಳಬಿಡುತ್ತದೆ. ಲೋಹ ಹಾಗಲ್ಲ: ಅದರೊಳಗಿನ ಎಲೆಕ್ಟ್ರಾನುಗಳು ಬಂದ ಅಲೆಯ ತಾಳಕ್ಕೇ ಕುಣಿದು ಅದನ್ನು ಬಂದ ದಾರಿಗೆ ಅಟ್ಟುತ್ತವೆ. ಕಾವನ್ನು ಹೊರಬಿಡದ ಹಾಳೆಯೇ ನಿನ್ನ ದನಿಯನ್ನು ಒಳಬಿಡಲಿಲ್ಲ. ನಿನ್ನ ತರಂಗ ನನ್ನ ಅಂತರಂಗ ಮುಟ್ಟದ್ದು ಹೀಗೆ. ಗುಡಾರದ ನೆತ್ತಿಗಂಡಿಯ ಮುಚ್ಚಳ ಸರಿಸುವ ಉದ್ದ ಕೋಲಿದೆಯಲ್ಲ, ಅದರ ತುದಿಗೆ ಫೋನು ಕಟ್ಟಿ ಕಂಡಿಯಾಚೆ ಎತ್ತಿದೆವು. ಟಿಣ್ ಟಿಣ್ ಎಂದು ನೀನು ಮಾಡಿದ ಹದಿನೇಳು ಕರೆಗಳ ಸುದ್ದಿ ಉದುರಿತು. ಕೊನೆಗೆ ನಿನ್ನ ಒಂದು ಸಾಲು: "ಸೋಮವಾರದೊಳಗೆ ನೀನು ಮಾತಾಡದಿದ್ರೆ ಸಹಿ ಹಾಕಿಬಿಡ್ತೀನಿ."

ಅಪಾಳ ಹಾರೈಕೆ, ಕುದುರೆಮರಿಗಳ ಕೆನೆತ, ನನ್ನ ಎಲ್ಲವೂ ನಿನಗೆ ಸೇರಲಿ.

ನಿನ್ನ ಕಳ್ಳ,
ಕುಬಾನಿಚ್

ಮರೆತಿದ್ದೆ: ಬಿಷ್ಕೆಕ್‌ಗೆ ಹೊರಟ ಜೀಪಿನ ಸಬೀರ್ಬೆಕ್ ಹಾರ್ನ್ ಒತ್ತುತ್ತಿದ್ದಾನೆ, ನಾಳೆ ಸಂಜೆಗೆ ಇದು ನಿನ್ನ ಕೈಯಲ್ಲಿರುತ್ತದೆ. ಕೆಲಸ ಬೇಕೆನಿಸಿದರೆ ಸಹಿ ಹಾಕು, ನಾನು ಅಲ್ಲೇ ಯಾವುದಾದರೂ ಶಾಲೆ ಹುಡುಕಿಕೊಳ್ಳುತ್ತೇನೆ. ನನ್ನ ಮೌನವನ್ನು ನಂಬಿ ಮಾತ್ರ ಹಾಕಬೇಡ. ಇನ್ನೊಂದು. ಕಂಡುಹಿಡಿದದ್ದು ನಾನಲ್ಲ. ಕುದುರೆಯ ಹಾಲು ಕರೆದು ರೇಡಿಯೋ ಹಿಡಿದು ಒಳಬಂದ ಅಪಾ, ಮೂರು ಸಲ ಹೊಸ್ತಿಲು ದಾಟಿ ನೋಡಿ, ಚಾಕುವಿನಿಂದ ಹಾಳೆ ಸೀಳಿ, "ಅವಳು ಮುನಿಸ್ಕೊಂಡಿಲ್ಲ ಕಣೋ, ನಿನ್ನ ಗುಡಾರಕ್ಕೇ ಕಿವಿ ಇಲ್ಲ" ಎಂದಳು. ಕೋಲಿನ ಉಪಾಯವೂ ಅವಳದೇ. ಫೋನನ್ನು ಕೋಲಿಗೆ ಕಟ್ಟಿದ ಗಂಟು ಮಾತ್ರ ನನ್ನದು. ನಿನಗೆ ಉತ್ತರಿಸಲು ಮತ್ತೆ ಎತ್ತುವಾಗ ಜಾರಿದ ಫೋನು ಈಗ ಹುಳಿಸಿದ ಕುದುರೆಹಾಲಿನ ಕುಮಿಸ್ ಚೀಲದ ತಳದಲ್ಲಿದೆ. ಅದಕ್ಕೇ ಈ ಕಾಗದ.