ಒಳಗಡೆ ಅಂಟಿಸಿದ ತಡೆಪತ್ರ

ಹದಿನಾರನೆಯ ತಾರೀಕು, ಗುರುವಾರ
ಮಧ್ಯಾಹ್ನ

ಚಿ| ಸೌ| ಮಗಳಿಗೆ,

ಅಮ್ಮನ ಆಶೀರ್ವಾದ. ನೀನು, ಅಳಿಯಂದಿರು, ಪಾಪು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನಾವೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಆ ಒಂದು ಪದ ಬರೆಯಲು ಹೋಗಿ ಹಾಳೆಯ ಮೇಲೆ ಹಾಳೆ ಹರಿದೆ. ಹೋಗಲಿ, ಊಟಕ್ಕೆ ಕೊರತೆಯಿಲ್ಲ, ಜ್ವರ ಗಿರ ಇಲ್ಲ, ಅಷ್ಟನ್ನಂತೂ ಸುಳ್ಳಿಲ್ಲದೆ ಬರೆಯಬಲ್ಲೆ.

ತಡವಾಯಿತೆಂದು ಕೋಪಿಸಿಕೊಳ್ಳಬೇಡ. ನಿನ್ನ ಪತ್ರ ಬಂದಿತ್ತು. ಫೋನು ಹೊಡೆದುಕೊಂಡಾಗಲೂ ನಿನ್ನದೇ ಎಂದು ಗೊತ್ತಾಗಿ ಬೋರಲು ಹಾಕಿಟ್ಟೆ. ನಮ್ಮ ನಡುಮನೆಯ ನೇರ ಕೆಳಗೇ ಮಾಲೀಕರು ಕೂರುವ ಜಾಗ. ನಾನು ಫೋನು ಹಿಡಿದು ‘ಹಲೋ’ ಅಂದರೆ ಸಾಕು, ಕೆಳಗೆ ಟೀವಿ ಸದ್ದು ಸಣ್ಣಗಾಗುತ್ತದೆ. ಅಷ್ಟು ಕಿವಿ ಕೊಟ್ಟು ಕೇಳುವವರು ಯಾವ ಜನ್ಮದಲ್ಲೂ ನನಗೆ ಸಿಕ್ಕಿರಲಿಲ್ಲ, ನಿಮ್ಮಪ್ಪನೂ ಸೇರಿ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಕಾಗದಕ್ಕೆ ಸದ್ದಿಲ್ಲ.

ವಿಷಯ ಇಷ್ಟು. ಮನೆ ಖಾಲಿ ಮಾಡಿ ಎಂದಿದ್ದಾರೆ.

ನೀನು ಬಂದು ಹೋಗಿ ವಾರ ಕಳೆದ ಮೇಲೆ ಮಾಲೀಕರು ಮೇಲೆ ಬಂದರು. ಕೂರಿ ಅಂದರೆ ಕೂರಲಿಲ್ಲ. ನಿನ್ನಣ್ಣ ಎಂದಿನಂತೆ ಅವರ ಕೈ ಹಿಡಿದು ಕುಲುಕಲು ಹೋದ. ಇಷ್ಟು ವರ್ಷ ಅವರೂ ನಗುತ್ತಾ ‘ಏನಪ್ಪಾ ದೊರೆ, ಸೌಖ್ಯನಾ?’ ಅನ್ನುತ್ತಿದ್ದರು. ಅವತ್ತು ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ದೊರೆ ಹಾಗೇ ಕೈ ಚಾಚಿ ನಿಂತಿದ್ದ.

“ನಿಮ್ಮ ಹಳೇ ಮನೇಲಿ ಇವನು ಬೆಂಕಿ ಹಚ್ಚಿದ್ನಂತಲ್ಲ? ನಂಗೂ ಹೆಂಡತಿ ಮಕ್ಕಳಿದ್ದಾರೆ ಅಮ್ಮ. ನೀವು ಬೇರೆ ಕಡೆ ನೋಡ್ಕೊಳ್ಳಿ,” ಅಂದರು.

ಅವನಾಗ ಹುಡುಗ. ಒಲೆಯ ಹತ್ತಿರ ಕಾಗದದ ಚೂರು ಹಿಡಿದು ಆಡುತ್ತಿದ್ದವನು, ಅದು ಉರಿದಾಗ ಹೆದರಿ ಬಿಸಾಕಿದ, ಪರದೆಗೆ ತಗುಲಿತು. ನೀನೇ ಬಿಂದಿಗೆ ತಂದು ಸುರಿದೆ. ಹಚ್ಚುವುದಕ್ಕೂ ತಗುಲುವುದಕ್ಕೂ ವ್ಯತ್ಯಾಸವಿದೆ ಎಂದು ಮಾಲೀಕರಿಗೆ ಹೇಳಬೇಕೆಂದುಕೊಂಡೆ. ಹೇಳುವ ಬದಲು ‘ಆಗಲಿ ಸಾರ್’ ಅಂದುಬಿಟ್ಟೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ಬೇಡದ ಕಡೆ ಜೋರು.

ಆಮೇಲೆ ಅವರು ನೋಟೀಸು ಕಳಿಸಿದರು. ಅದರಲ್ಲಿ ಬೆಂಕಿಯ ಮಾತೂ ಇಲ್ಲ, ದೊರೆಯ ಮಾತೂ ಇಲ್ಲ. ವಾಸದ ಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟು ವ್ಯಾಪಾರ ನಡೆಸುತ್ತಿದ್ದೇವೆ, ಸದ್ದಿನಿಂದ ತೊಂದರೆ ಎಂದು ಬರೆದಿತ್ತು. ಅದೇ ಮೆಷಿನ್ನಿನಲ್ಲಿ ಅವರ ಹೆಂಡತಿಯ ಹೊದಿಕೆಗಳಿಗೆಲ್ಲ ಅಂಚು ಹೊಲಿದುಕೊಟ್ಟವಳು ನಾನು.

ನಾನು ಒಂದಿಷ್ಟು ಮನೆ ನೋಡಿದೆ ಮಗಳೇ. ಒಬ್ಬಳೇ ಹೋದರೆ ಬನ್ನಿ ಬನ್ನಿ ಅನ್ನುತ್ತಾರೆ. ದೊರೆಯನ್ನು ಕರೆದುಕೊಂಡು ಹೋದರೆ ನಿನ್ನೆಯೇ ಬೇರೆಯವರಿಗೆ ಕೊಟ್ಟೆವು ಅನ್ನುತ್ತಾರೆ. ಒಬ್ಬಾಕೆ ಬೀಗ ತೆಗೆಯುತ್ತಿದ್ದವಳು ಅವನ ಮುಖ ನೋಡಿ ಹಾಗೇ ಬೀಗ ತಿರುಗಿಸಿಕೊಂಡಳು. ಈ ಮನೆ ಹೋದರೆ ನಮಗೆ ಇನ್ನೊಂದಿಲ್ಲ. ಮನೆ ಇಲ್ಲದಿದ್ದರೆ ಅವನನ್ನು ಆಶ್ರಮಕ್ಕೆ ಬಿಡಬೇಕು. ಅಲ್ಲಿ ರಾತ್ರಿ ಹೊರಗಿನಿಂದ ಚಿಲಕ ಹಾಕುತ್ತಾರೆ. ತಾನು ತೆಗೆಯಲಾಗದ ಬಾಗಿಲೆಂದರೆ ಅವನಿಗೆ ಎಷ್ಟು ಭಯ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಎದುರುಮನೆ ನರ್ಸಮ್ಮನೇ ನನ್ನನ್ನು ಬಾಡಿಗೆದಾರರ ರಕ್ಷಣಾ ಕಚೇರಿಗೆ ಎಳೆದುಕೊಂಡು ಹೋದಳು. ‘ಅಳೋದಾದ್ರೆ ಅಲ್ಲಿ ಹೋಗಿ ಅಳಿ ಅಕ್ಕಾ, ಇಲ್ಲಿ ಅತ್ರೆ ಯಾರು ಸೀಲ್ ಹಾಕ್ತಾರೆ?’ ಅಂದಳು. ಕೌಂಟರಿನಲ್ಲಿ ಕೂತಿದ್ದ ಹೆಂಗಸು ಫಾರಂ ಕೊಟ್ಟು ತಾನೇ ಓದಿ ಹೇಳಿದಳು. ‘ಮನೆಯಲ್ಲಿ ವಾಸವಿರುವ ದುರ್ಬಲ ವ್ಯಕ್ತಿಯ ವಿವರ’ ಎಂದು ಒಂದು ಕಡೆ ಇತ್ತು. ನನಗೆ ಮೈ ಉರಿಯಿತು.

“ದುರ್ಬಲ ಅಂದ್ರೇನಮ್ಮ? ನನ್ನ ಮಗ ತುಂಬಿದ ನೀರಿನ ಡ್ರಮ್ ಎತ್ತಿಡ್ತಾನೆ,” ಅಂದೆ.

ಅವಳು ನಗಲಿಲ್ಲ. “ಅದು ಕಾಯಿದೆ ಮಾತು. ಆ ಮಾತು ಬರೆದ್ರೇನೇ ನಿಮ್ಮನ್ನ ಕಾಪಾಡೋಕಾಗೋದು. ಅವರು ಬಾಯಲ್ಲಿ ಹೇಳಿದ ಕಾರಣ ಒಂದು, ಬರೆದು ಕೊಟ್ಟ ಕಾರಣ ಇನ್ನೊಂದು. ಅದನ್ನ ಹಾಗೇ ಬರೀರಿ.”

ಬರೆದೆ. ಎಲ್ಲ ಆದ ಮೇಲೆ, “ಇದರ ಒಂದು ಪ್ರತಿ ಮಾಲೀಕರಿಗೆ ಹೋಗುತ್ತೆ,” ಅಂದಳು. ಕೊಟ್ಟ ಫಾರಂ ವಾಪಸ್ ಕೊಡಮ್ಮ ಎಂದು ಕೈ ಚಾಚಿದೆ. ಅಷ್ಟರಲ್ಲಿ ಸೀಲ್ ಬಿದ್ದಾಗಿತ್ತು. ಅವತ್ತಿನಿಂದ ಮೆಟ್ಟಿಲಿಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದೇನೆ. ದೊರೆಗೆ ಇದು ಹೊಸ ಆಟ. ಅವನೂ ಚಪ್ಪಲಿ ಬಿಚ್ಚಿ ಎದೆಗೆ ಒತ್ತಿಕೊಂಡು, ಬೆರಳು ತುಟಿಗಿಟ್ಟು, ‘ಶ್’ ಎಂದು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಹೇಳುತ್ತಾ ಇಳಿಯುತ್ತಾನೆ.

ಯಾರೋ ಮೇಲೆ ಬರುತ್ತಿದ್ದಾರೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಶುಕ್ರವಾರ ಬೆಳಿಗ್ಗೆ

ಹಾಲಿನವನು. ಬಾಕಿ ಚಿಲ್ಲರೆ ಕೊಡಲು ಬಂದಿದ್ದನಂತೆ. ನಾನು ದೊರೆಯ ಬಾಯಿ ಮುಚ್ಚಿಕೊಂಡು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ನನ್ನ ಬುದ್ಧಿಗೆ ಏನು ಹೇಳಲಿ.

ಕಚೇರಿಯಿಂದ ತಪಾಸಣೆಗೆ ಬಂದದ್ದು ಹೇಳಬೇಕು. ಬರುವ ದಿನ ಮೊದಲೇ ತಿಳಿಸಿದ್ದರು. ತಿಳಿಸದಿದ್ದರೇ ಚೆನ್ನಾಗಿತ್ತು. ನೋಟೀಸಿನಲ್ಲಿ ಮೆಷಿನ್ ವಿಷಯ ಇದೆಯಲ್ಲ, ಅದು ಕಣ್ಣಿಗೆ ಬಿದ್ದರೆ ನಮ್ಮ ಕತೆ ಮುಗಿಯಿತು ಎಂದುಕೊಂಡೆ. ಮಾಲೀಕರು ಹೊರಗೆ ಹೋದ ಹೊತ್ತು ನೋಡಿ ಮೆಷಿನ್ನನ್ನೂ ಲಾಡ್ಜಿನವರು ಹೊಲಿಯಲು ಕೊಟ್ಟ ದಿಂಬಿನ ಕವರುಗಳ ಗಂಟನ್ನೂ ನರ್ಸಮ್ಮನ ಮನೆಗೆ ಸಾಗಿಸಿದೆ. ನೆಲ ಒರೆಸಿದೆ. ದೊರೆಗೆ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಸುಮ್ಮನೆ ಕೂತಿರು ಅಂದೆ.

ಅವನು ಎಂದಾದರೂ ಸುಮ್ಮನೆ ಕೂತಿದ್ದಾನೆಯೇ? ನಾನು ಉಲ್ಟಾ ಹೊಲಿದು ಎಸೆಯುತ್ತೇನೆ, ಅವನು ಕವರು ಮಗುಚಿ, ಕಡ್ಡಿಯಿಂದ ಮೂಲೆ ಎಬ್ಬಿಸಿ, ಅಂಗೈಯಿಂದ ತೀಡಿ ಜೋಡಿಸುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಅವನನ್ನು ಒಂದೆಡೆ ಹಿಡಿದಿಡುವುದು ಆ ಕೆಲಸ. ಅವತ್ತು ಕೈ ಖಾಲಿ. ಮೆಷಿನ್ ಇದ್ದ ಜಾಗ ಖಾಲಿ. ‘ಮಿಸಿನ್ ಎಲ್ಲಿ? ಮಿಸಿನ್ ಎಲ್ಲಿ?’ ಎಂದು ಶುರು ಮಾಡಿದ. ನಾನು ಗದರಿದೆ. ಗದರಬಾರದಿತ್ತು. ಮಂಚದ ದಿಂಬು ಎತ್ತಿಕೊಂಡು ಅದರ ಹೊಲಿಗೆ ಹರಿದು ಒಳಗು ಹೊರಗು ಮಾಡಿದ. ಮನೆ ತುಂಬ ಹತ್ತಿ. ಅವನ ಕೂಗು ಬೀದಿಗೆ ಕೇಳುತ್ತಿತ್ತು. ಅದೇ ಹೊತ್ತಿಗೆ ಬಾಗಿಲು ತಟ್ಟಿದರು.

ತಪಾಸಣೆಗೆ ಬಂದಾಕೆ ನಿನ್ನ ವಯಸ್ಸಿನವಳು. ಹೆಗಲಲ್ಲಿ ಬಟ್ಟೆಯ ಚೀಲ. ಒಳಗೆ ಕಾಲಿಟ್ಟಳೋ ಇಲ್ಲವೋ, ದೊರೆ ಆ ಚೀಲ ಕಿತ್ತುಕೊಂಡ. ಅವನು ಚೀಲ ಕೊಡವಿದ, ಅವಳ ಫೈಲು, ಪೆನ್ನು, ಬಾಚಣಿಗೆ, ಟಿಫಿನ್ ಡಬ್ಬಿ ಎಲ್ಲ ಹತ್ತಿಯ ಮೇಲೆ ಬಿದ್ದವು. ನಂತರ ಚೀಲ ಮಗುಚಿ, ಬೆರಳು ಹಾಕಿ ಎರಡೂ ಮೂಲೆ ಎಬ್ಬಿಸಿ, ಅಂಗೈಯಿಂದ ತೀಡಿ ಅವಳ ಕೈಗೆ ಕೊಟ್ಟ. ಅಷ್ಟು ಮಾಡಿದ ಮೇಲೆ ಕೂಗು ನಿಂತಿತು.

ಆಕೆ ಚೀಲ ನೋಡಿದಳು, ಅವನನ್ನು ನೋಡಿದಳು, ನೆಲದ ಮೇಲೆ ಮೆಷಿನ್ನಿನ ಕಾಲು ಕೂತಿದ್ದ ಗುರುತು ನೋಡಿದಳು.

“ದಿನಾ ಇವರ ಕೈಗೆ ಏನು ಕೆಲಸ ಕೊಡ್ತೀರಿ ಅಮ್ಮ?”

ನಾನು ಸುಳ್ಳು ಹೇಳಲು ಬಾಯಿ ತೆರೆದೆ, ಅಳು ಬಂತು. ಎಲ್ಲ ಹೇಳಿಬಿಟ್ಟೆ. ಆಕೆ ಕೂತು ಬರೆದುಕೊಂಡು, “ಮನೆಯವರೇ ಕೂತು ಹೊಲಿಯೋ ಒಂದು ಮೆಷಿನ್‌ಗೆ ಅಡ್ಡಿ ಇಲ್ಲ. ಬಚ್ಚಿಟ್ರೆ ಮಾಲೀಕರು ಹೇಳಿದ್ದೇ ನಿಜ ಅನ್ಸುತ್ತೆ. ಮೊದಲು ತಂದಿಡಿ,” ಅಂದಳು. ಹೋಗುವಾಗ ವಿಚಾರಣೆ ಮುಗಿಯುವ ತನಕ ನಮ್ಮನ್ನು ಹೊರಗೆ ಹಾಕುವಂತಿಲ್ಲ ಎಂಬ ತಡೆಪತ್ರ ಕೊಟ್ಟು, ಬಾಗಿಲಿಗೆ ಅಂಟಿಸಿ ಎಂದಳು.

ಅಂಟಿಸಿದೆ. ನರ್ಸಮ್ಮ ಮೆಷಿನ್ ವಾಪಸ್ ತಂದವಳು ಬಾಗಿಲು ಹಾಕಿಕೊಂಡು ನಗಲು ಶುರು ಮಾಡಿದಳು. “ಒಳಗಡೆ ಅಂಟಿಸಿದ್ರೆ ಓದೋರು ಯಾರು ಅಕ್ಕಾ? ದೊರೆನಾ?”

ಹೊರಗೆ ಅಂಟಿಸಲು ನನಗೆ ಕೈ ಬರಲಿಲ್ಲ. ಮೆಟ್ಟಿಲು ಹತ್ತಿ ಇಳಿಯುವವರೆಲ್ಲ ಅವನ ಹೆಸರಿನ ಮುಂದೆ ಆ ‘ದುರ್ಬಲ’ ಓದುತ್ತಾರಲ್ಲ ಎಂದು ಸಂಕಟ. ಮಾಲೀಕರು ಓದಿ ಇನ್ನೂ ಸಿಟ್ಟಾಗುತ್ತಾರೆ ಎಂದು ಭಯ. ಈಗಲೂ ಅದು ಒಳಗೇ ಇದೆ. ಕಾಯಿದೆ ನನ್ನ ಕಡೆಗಿದೆ ಎಂದು ನಾನೇ ದಿನಾ ಓದಿಕೊಳ್ಳುತ್ತೇನೆ, ಆದರೂ ಕೆಳಗೆ ಗೇಟು ಕಿರುಗುಟ್ಟಿದರೆ ಮಾಲೀಕರೇ ಬಂದರೆಂದು ಹೆದರುತ್ತೇನೆ. ನಿನ್ನೆ ಮಾಲೀಕರ ಹೆಂಡತಿ ಮೆಟ್ಟಿಲಲ್ಲಿ ಎದುರಾದಳು. ದೊರೆಯನ್ನು ಕಂಡು ಮಗುವನ್ನು ಎತ್ತಿಕೊಂಡು ಗೋಡೆಗೆ ಒತ್ತಿ ನಿಂತಳು. ಅವಳಿಗೂ ಭಯವೇ. ಅವಳ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಮುಂದಿನ ತಿಂಗಳು ವಿಚಾರಣೆ. ಇಬ್ಬರನ್ನೂ ಎದುರು ಕೂರಿಸಿ ಕೇಳುತ್ತಾರಂತೆ. ದೊರೆಯನ್ನೂ ಕರೆತರಬೇಕಂತೆ. ಅಲ್ಲಿ ಬಾಗಿಲು ಮುಚ್ಚುತ್ತಾರೋ ಏನೋ, ಕೇಳಲು ಮರೆತೆ. ಅವನ ಕೈಗೆ ಒಂದಷ್ಟು ಕವರು ಕೊಟ್ಟು ಕೂರಿಸಬೇಕು.

ಪಾಪುವಿಗೆ ಹಲ್ಲು ಬಂದಿರಬೇಕಲ್ಲ ಈಗ? ಕಚ್ಚಿದರೆ ಹೊಡೆಯಬೇಡ, ನೀನೂ ಕಚ್ಚುತ್ತಿದ್ದೆ. ಅವನಿಗೆಂದು ಉಳಿದ ಬಟ್ಟೆಯಲ್ಲಿ ಪುಟ್ಟ ದಿಂಬು ಹೊಲಿದಿದ್ದೇನೆ, ಮೂಲೆ ಎಬ್ಬಿಸಿದ್ದು ಸೋದರಮಾವ. ಅಳಿಯಂದಿರಿಗೆ ನೆನಪು ತಿಳಿಸು. ಹೊತ್ತು ಹೊತ್ತಿಗೆ ಊಟ ಮಾಡು. ನೂರು ಕಾಲ ಬಾಳು ಮಗಳೇ, ನಿನ್ನ ಮನೆ ಯಾವಾಗಲೂ ತುಂಬಿರಲಿ.

ಇಂತಿ,
ನಿನ್ನ ಅಮ್ಮ

ಮರೆತದ್ದು: ಮರೆತದ್ದೂ ಅಲ್ಲ, ಬರೆಯಲಾರದೆ ಬಿಟ್ಟದ್ದು. ಆ ಫಾರಂನಲ್ಲಿ ಬೆಂಕಿಯ ವಿಷಯ ಬರೆದ ಜಾಗದ ಕೆಳಗೆ ಒಂದು ಪ್ರಶ್ನೆ ಇತ್ತು: ‘ಸದರಿ ವಿಷಯ ಮಾಲೀಕರಿಗೆ ಯಾರಿಂದ ತಿಳಿಯಿತು?’ ಖಾಲಿ ಬಿಟ್ಟಿದ್ದೆ. ಕೌಂಟರಿನವಳು ಖಾಲಿ ಬಿಟ್ರೆ ವಾಪಸ್ ಬರುತ್ತೆ ಅಮ್ಮ ಅಂದಳು. ನನಗೆ ಗೊತ್ತಿತ್ತು. ಮಾಲೀಕರು ಅವತ್ತೇ ಹೇಳಿದ್ದರು. “ನಾನಾಗಿ ಕೆದಕಿದ್ದಲ್ಲ ಅಮ್ಮ. ನಿಮ್ಮ ಮಗಳೇ ಕೆಳಗೆ ಬಂದು ಹೇಳಿ ಹೋದ್ರು. ಅಮ್ಮನ ಕೈಲಿ ಇನ್ನು ಆಗಲ್ಲ, ನೀವು ಖಾಲಿ ಮಾಡ್ಸಿದ್ರೆ ಅಣ್ಣನ್ನ ಆಶ್ರಮಕ್ಕೆ ಸೇರ್ಸೋಕೆ ಒಪ್ತಾರೆ ಅಂದ್ರು,” ಎಂದು.

ನನ್ನ ಮೇಲಿನ ಕಾಳಜಿಗೇ ಹೇಳಿರುತ್ತೀಯ. ನನ್ನ ಬೆನ್ನು ಬಾಗಿದ್ದು ನೀನು ನೋಡಿದೆ, ಸ್ನಾನದ ಹೊತ್ತಿಗೆ ಅವನು ತಳ್ಳಿದ್ದೂ ನೋಡಿದೆ. ಫಾರಂನಲ್ಲಿ ‘ನಾನೇ ಹೇಳಿದೆ’ ಎಂದು ಬರೆದು ಕೊಟ್ಟೆ. ಸುಳ್ಳು ವಿವರ ಕೊಟ್ಟರೆ ಅರ್ಜಿ ವಜಾ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದನ್ನು ಸಹಿ ಮಾಡಿದ ಮೇಲೆ ಓದಿದೆ. ವಿಚಾರಣೆಯಲ್ಲಿ ಮಾಲೀಕರು ನಿನ್ನ ಹೆಸರು ಹೇಳಿದರೆ ನನ್ನ ಸುಳ್ಳು ಬಯಲಾಗುತ್ತದೆ, ಮನೆಯೂ ಹೋಗುತ್ತದೆ. ನಿನ್ನನ್ನು ಕರೆಸಿದರೂ ಕರೆಸಬಹುದು.

ತಂಗಿ ಯಾವಾಗ ಬರ್ತಾಳೆ ಎಂದು ಅವನು ದಿನಾ ಕೇಳುತ್ತಾನೆ. ಮೊದಲಾದರೆ ನಾಳೆ ಅನ್ನುತ್ತಿದ್ದೆ. ಈಗ ಏನೂ ಹೇಳುವುದಿಲ್ಲ. ಗೇಟು ಸದ್ದಾದಾಗ ಮಾಲೀಕರೆಂದು ಹೆದರುತ್ತೇನೆ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ನೀನೇ ಬಂದೆಯೇನೋ ಎಂದು ಹೆದರುತ್ತೇನೆ ಮಗಳೇ.