ನಿನ್ನ ಹೆಸರಿನ ಎಬೊನಿ ಗಿಡ

ತಮ್ಮಾ ಜೇಬೆಜ್,

ಬರೆದರೆ ಎದೆ ಹಗುರಾಗುತ್ತದೆಂದು ಸೊಸೆ ಟ್ರೈಫೀನಾ ಬೆಳಗಿನಿಂದ ಪ್ರಾಣ ತಿಂದು ಈ ಕಾಗದ ಮುಂದಿಟ್ಟಿದ್ದಾಳೆ. ಅರ್ಧಕ್ಕೇ ಶಾಲೆ ಬಿಟ್ಟವಳಿಗೆ ಬರೆದರೆ ಬೆರಳು ನೋಯುತ್ತದೆ, ಅಷ್ಟೇ.

ಇವತ್ತು ಲಂಡನ್ನಿನಿಂದ ಅಪರೂಪದ ಗಿಡ ಹುಡುಕುವ ಇನ್ನೊಬ್ಬ ದೊರೆ ಬಂದಿದ್ದ. ನೀನು ಹಿಂದಿನ ದೊರೆಗೆ ಎಬೊನಿ ಹೂ ಕೀಳಲು ಹೋಗಿ ಕಡಲಿಗೆ ಜಾರಿದೆಯಲ್ಲ, ಆ ಬಂಡೆಯನ್ನೆಲ್ಲ ಜಾಲಾಡಿದನಂತೆ. ಆಡುಗಳು ಅಲ್ಲಿ ಒಂದು ಎಬೊನಿ ಗಿಡವನ್ನೂ ಉಳಿಸಿಲ್ಲ. ನಿನ್ನ ಹೆಣ ಸಿಗದಿದ್ದಾಗ ಗೋರಿಯ ಬದಲು ಅಮ್ಮ ಅಂಗಳದಲ್ಲಿ ನಿನ್ನ ಹೆಸರಿನಲ್ಲಿ ಒಂದು ಎಬೊನಿ ನೆಟ್ಟಳಲ್ಲ, ಇಡೀ ಸೇಂಟ್ ಹೆಲೆನಾ ದ್ವೀಪದಲ್ಲಿ ಈಗ ಅದೊಂದೇ ಉಳಿದಿರುವುದು.

“ಬೀಜ ಬಿಟ್ಟಿಲ್ಲ. ಬೇರು ಸಮೇತ ಕೊಡಿ ಅಜ್ಜಿ, ಲಂಡನ್ನಿಗೆ ಒಯ್ದು ಬದುಕಿಸ್ತೀವಿ. ಇಲ್ಲಿದ್ರೆ ಸಾಯುತ್ತೆ,” ಅಂದ.

“ಅದು ನನ್ನ ತಮ್ಮನ ಗೋರಿ ಕಣಯ್ಯಾ. ನಿಮ್ಮಪ್ಪನ ಗೋರಿ ಅಗೆದು ಹಡಗಿಗೆ ಹಾಕ್ತೀಯಾ?” ಅಂದೆ.

ಟ್ರೈಫೀನಾ ಕಿಸಕ್ಕನೆ ನಕ್ಕಳು. ಅವನು ನಗಲಿಲ್ಲ. ಮಂಡಿಯೂರಿ, ಎಲೆಯಡಿಯ ಹುಳು ತೋರಿಸಿದ. ಒಂದು ಕಡೆಯ ಕೊಂಬೆಗಳು ಆಗಲೇ ಒಣಗಿವೆ.

ಆಗಿನಿಂದ ಒಲೆಗೂ ಅಂಗಳಕ್ಕೂ ಓಡಾಡುತ್ತಿದ್ದೇನೆ. ಕೊಟ್ಟರೆ ನಿನ್ನನ್ನು ಮತ್ತೆ ದೊರೆಗಳ ಕೈಗೇ ಒಪ್ಪಿಸಿದ ಹಾಗೆ. ಇಟ್ಟುಕೊಂಡರೆ, ನನ್ನ ಕಣ್ಣೆದುರೇ ಸಾಯುತ್ತದೆ.

ಹಡಗು ಶನಿವಾರ ಹೊರಡುತ್ತದೆ. ಕೊಡಲೋ ಬೇಡವೋ, ಶುಕ್ರವಾರ ಸಂಜೆಯೊಳಗೆ ಹೇಳು.

ನಿನ್ನಕ್ಕ